ಸತ್ತವನ ತಲೆ ಮೇಲೆ ಹೆಲ್ಮೆಟ್ ಇತ್ತಾ?

ನಮಸ್ಕಾರ. "ನಿಯಂತ್ರಣ ತಪ್ಪಿದ ಕಾರು ಡಿಕ್ಕಿ, ಸೈಕಲ್ ಸವಾರ ಸಾವು." ಇಂಥ ತಲೆಬರಹ ನಾವೆಲ್ಲ ಎಷ್ಟು ಸಲ ಓದಿದ್ದೇವೆ, ಅಲ್ವಾ? ಕಾರು ತಾನಾಗಿಯೇ ನಿಯಂತ್ರಣ ತಪ್ಪುತ್ತದಾ ಮಾರಾಯ್ರೆ? ಒಳಗೆ ಕೂತು ಓಡಿಸುತ್ತಿದ್ದ ಮನುಷ್ಯ ಆ ಸಾಲಿನಲ್ಲಿ ಇಲ್ಲವೇ ಇಲ್ಲ.

ಕೆಳಗೆ ಇನ್ನೊಂದು ಸಾಲು: ಸವಾರ ಹೆಲ್ಮೆಟ್ ಹಾಕಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಕಡ್ಡಾಯ ಮಾಡಿದ್ದು ಬೈಕ್, ಸ್ಕೂಟರಿನವರಿಗೆ. ಸೈಕಲಿನವರಿಗೆ ಆ ಕಾನೂನು ಇಲ್ಲ. ಹಾಕಿದರೆ ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಕಾರಿನ ಸ್ಪೀಡ್ ಎಷ್ಟಿತ್ತು ಅಂತ ಮೊದಲು ಕೇಳಬೇಕಲ್ಲ? 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71ರಷ್ಟು ಸಾವು ಅತಿವೇಗದಿಂದ ಅಂತ ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಇನ್ನು ರಸ್ತೆಯ ಮಾತು. ಮಂಗಳೂರಿನ ಕಾಂಕ್ರೀಟ್ ರಸ್ತೆ ಹಲವು ಕಡೆ ಪಕ್ಕದ ಮಣ್ಣಿಗಿಂತ ಅರ್ಧ ಗೇಣು ಎತ್ತರ ಉಂಟು. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿತು ಅಂತ ಎಡಕ್ಕೆ ಸರಿದರೆ ಚಕ್ರ ಕೆಳಗೆ ಜಾರುತ್ತದೆ. ಮತ್ತೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದಿರೋ, ಟಯರ್ ಆ ಅಂಚಿಗೆ ಉಜ್ಜಿಕೊಂಡೇ ಹೋಗುತ್ತದೆ, ಹತ್ತುವುದಿಲ್ಲ. ಬೀಳುವುದು ರಸ್ತೆಯ ಕಡೆಗೇ. ಹೋದ ಮಳೆಗಾಲದಲ್ಲಿ ಬಿಜೈ ಹತ್ತಿರ ನಾನು ಹೀಗೇ ಬಿದ್ದೆ. ಮೊಣಕೈಯಲ್ಲಿ ಗುರುತು ಈಗಲೂ ಉಂಟು. ಹಿಂದೆ ಬಸ್ಸು ಇರಲಿಲ್ಲ, ಅದಕ್ಕೇ ಇವತ್ತು ನಿಮ್ಮ ಹತ್ತಿರ ಮಾತಾಡುತ್ತಿದ್ದೇನೆ. ಇದ್ದಿದ್ದರೆ "ಆಯತಪ್ಪಿ ಬಿದ್ದು ಸಾವು" ಅಂತ ಬರುತ್ತಿತ್ತು. ಆ ಅಂಚಿನ ಸುದ್ದಿ ಎಲ್ಲೂ ಬರುತ್ತಿರಲಿಲ್ಲ.

ಸೈಕಲ್ ಅಂದರೆ ಭಾನುವಾರದ ಫಿಟ್‌ನೆಸ್ ಫೋಟೊ, ಇಲ್ಲವೇ ಸಾವಿನ ಸುದ್ದಿ. ನಡುವೆ ಇರುವವರನ್ನು ಯಾರೂ ತೋರಿಸುವುದಿಲ್ಲ. ಬೈಕಂಪಾಡಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ, ಹೆದ್ದಾರಿ 66ರ ಬದಿಯಲ್ಲಿ ಕತ್ತಲಲ್ಲೇ ತುಳಿದುಕೊಂಡು ರೂಮಿಗೆ ಹೋಗುವ ಕೆಲಸಗಾರರಿದ್ದಾರೆ. ಅವರಿಗೆ ಸೈಕಲ್ ಹವ್ಯಾಸ ಅಲ್ಲ, ಬಸ್ಸಿನ ದುಡ್ಡು ಉಳಿಸುವ ದಾರಿ. ಸತ್ತರೆ ಪೇಪರಿನಲ್ಲಿ ಅವರು ಬರೀ "ಹೊರರಾಜ್ಯದ ಕಾರ್ಮಿಕ". ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಬ್ರಿಟಿಷ್ ಮೆಡಿಕಲ್ ಜರ್ನಲ್ ಅನ್ನುವ ವೈದ್ಯಕೀಯ ಪತ್ರಿಕೆ 2001ರಲ್ಲೇ 'ಆಕ್ಸಿಡೆಂಟ್' ಅನ್ನುವ ಪದ ಬೇಡ ಅಂತ ತೀರ್ಮಾನಿಸಿತು. ಇಂಥ ಹೆಚ್ಚಿನ ಸಾವು-ನೋವು ತಡೆಯಬಹುದಾದದ್ದು ಅನ್ನುವುದು ಅವರು ಕೊಟ್ಟ ಕಾರಣ. ನಾವು 'ಅಪಘಾತ' ಅಂದಕೂಡಲೇ ಹಣೆಬರಹ ಅಂದುಕೊಂಡು ಪುಟ ತಿರುಗಿಸುತ್ತೇವೆ.

ವರದಿಗಾರ ಗೆಳೆಯರೇ, ಮುಂದಿನ ಸಲ ಸ್ಥಳಕ್ಕೆ ಹೋದಾಗ ಪೊಲೀಸರು ಹೇಳಿದ ನಾಲ್ಕು ಸಾಲಿಗೇ ನಿಲ್ಲಬೇಡಿ. ಒಂದು ಟೇಪು ಹಿಡಿದು ಆ ರಸ್ತೆಯ ಅಂಚನ್ನು ಅಳೆಯಿರಿ. ನಜ್ಜುಗುಜ್ಜಾದ ಸೈಕಲ್ ಜೊತೆ ಆ ಅಂಚಿನ ಫೋಟೊ ಕೂಡ ಹಾಕಿ.