ಯಾರೂ ಇಲ್ಲದ ಕ್ಯಾಬಿನ್‌ಗಳಲ್ಲಿ ನೀರು ಬಿಟ್ಟ ದಿನಗಳು

ನಮಸ್ಕಾರ. ಈಗ ನೀವು ನೋಡ್ತಾ ಇರುವ ಕ್ಲಿಪ್ 2020ರ ಮೇ ತಿಂಗಳದ್ದು. ನನ್ನ ಹಳೇ ಫೋನಿನಲ್ಲಿ ಇಷ್ಟು ವರ್ಷ ಹಾಗೇ ಇತ್ತು. ದೂರದಲ್ಲಿ ಕಾಣುವುದು ಇಂಗ್ಲೆಂಡಿನ ಡಾರ್ಸೆಟ್ ತೀರ, ವೇಮತ್ ಅಂತ ಊರು. ಮಧ್ಯದಲ್ಲಿ ಲಂಗರು ಹಾಕಿ ನಿಂತದ್ದೆಲ್ಲ ಕ್ರೂಸ್ ಹಡಗುಗಳು. ಅಂಥದೇ ಒಂದರ ಡೆಕ್ ಮೇಲೆ ನಿಂತು ನಾನು ಈ ವಿಡಿಯೊ ಮಾಡಿದ್ದು. ಹೌಸ್‌ಕೀಪಿಂಗ್‌ನಲ್ಲಿ ಕೆಲಸ ನನಗೆ.

ಕೊರೊನಾದ ಹೆದರಿಕೆ ಶುರುವಾದದ್ದು ಫೆಬ್ರವರಿಯಲ್ಲೇ. ಜಪಾನಿನ ಯೊಕೊಹಾಮದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದಿಟ್ಟಿದ್ದರಲ್ಲ, ನಾವು ಕ್ರ್ಯೂ ಮೆಸ್ಸಿನ ಟಿವಿಯಲ್ಲಿ ದಿನಾ ಅದನ್ನೇ ನೋಡ್ತಿದ್ದೆವು. ಒಟ್ಟು 3,711 ಜನ, 700ಕ್ಕೂ ಹೆಚ್ಚು ಮಂದಿಗೆ ಸೋಂಕು. ಅದರಲ್ಲಿದ್ದ ಭಾರತೀಯರು 138, ಅವರಲ್ಲಿ 132 ಮಂದಿ ನಮ್ಮ ಹಾಗೆ ದುಡಿಯುವವರು. ಪ್ರಯಾಣಿಕರಿಗೆ ಕ್ಯಾಬಿನ್ ಬಿಟ್ಟು ಹೊರಗೆ ಬರಬೇಡಿ ಅಂದರು. ಆದರೆ ಅವರ ಬಾಗಿಲಿಗೆ ಊಟ ಯಾರು ತಲುಪಿಸಬೇಕು? ಸಿಬ್ಬಂದಿಯೇ. ರಾತ್ರಿ ಬಂದು ಇಬ್ಬಿಬ್ಬರು ಒಂದೇ ಸಣ್ಣ ಕೋಣೆಯಲ್ಲಿ ಮಲಗಬೇಕು. ಅದನ್ನು ಈಗ ನೆನೆಸಿದರೂ ನನಗೆ ಸಂಕಟ ಆಗ್ತದೆ.

ಆಮೇಲೆ ಬಂದರುಗಳು ಒಂದೊಂದೇ ಬಾಗಿಲು ಹಾಕಿದವು. ವೆಸ್ಟರ್‌ಡ್ಯಾಮ್ ಹಡಗು ಒಂದಾದ ಮೇಲೊಂದು ಐದು ಕಡೆ ಬೇಡವಾಗಿ, ಕೊನೆಗೆ ಕಾಂಬೋಡಿಯ ಒಳಗೆ ಬಿಟ್ಟಿತು. ಮಾರ್ಚ್ 7ಕ್ಕೆ ನಮ್ಮ ನವ ಮಂಗಳೂರು ಬಂದರಿನಲ್ಲೂ ಎಂಎಸ್‌ಸಿ ಲಿರಿಕಾ ಅನ್ನುವ ಕ್ರೂಸ್ ಹಡಗಿಗೆ ಅನುಮತಿ ಸಿಗಲಿಲ್ಲ. ಅಮ್ಮ ಫೋನ್ ಮಾಡಿ ಕೇಳಿದರು: “ಪಣಂಬೂರಿನ ಹತ್ತಿರ ಬಂದ ಹಡಗನ್ನೇ ಬಿಡ್ಲಿಲ್ಲ ಅಂತೆ ಮಗಾ, ನಿಮ್ಮದು ಎಲ್ಲಿ ನಿಲ್ತದೆ?” ನನಗೆ ಉತ್ತರ ಗೊತ್ತಿರಲಿಲ್ಲ.

ಮಾರ್ಚ್ ಮಧ್ಯದಲ್ಲಿ ಪ್ರಯಾಣಿಕರೆಲ್ಲ ಇಳಿದು ಹೋದರು. ನಾವು ಉಳಿದೆವು.

ನಿಂತ ಹಡಗು ಅಂದರೆ ಬೀಗ ಹಾಕಿ ಬಿಟ್ಟ ಮನೆ ಅಲ್ಲ. ಜನರೇಟರ್ ಓಡ್ತಾನೇ ಇರಬೇಕು. ಏಸಿ ನಿಲ್ಲಿಸಿದರೆ ಕಾರ್ಪೆಟ್‌ಗೆ ಬೂಸ್ಟು ಹಿಡೀತದೆ. ಮತ್ತೆ ನೀರು. ಪೈಪಿನಲ್ಲಿ ನೀರು ಹಾಗೇ ನಿಂತರೆ ಲೀಜನೆಲ್ಲಾ ಅಂತ ಬ್ಯಾಕ್ಟೀರಿಯಾ ಬೆಳೀತದೆ, ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಹಾಗಾಗಿ ಖಾಲಿ ಕ್ಯಾಬಿನ್‌ಗಳಿಗೆಲ್ಲ ಸರದಿಯಲ್ಲಿ ಹೋಗುವುದು, ನಳ್ಳಿ ತಿರುಗಿಸುವುದು, ಶವರ್ ಬಿಡುವುದು, ಫ್ಲಶ್ ಮಾಡುವುದು, ಐದು ನಿಮಿಷ ನಿಲ್ಲುವುದು, ಮುಂದಿನ ಬಾಗಿಲು. ಇದೇ ನನ್ನ ಕೆಲಸ ಆಯ್ತು.

ಒಂದು ದಿನ ಒಂದು ಕ್ಯಾಬಿನ್‌ನಲ್ಲಿ ಮಂಚದ ಮೇಲೆ ಟವೆಲ್ ಆನೆ ಕೂತಿತ್ತು. ನಾನೇ ಮಾರ್ಚ್‌ನಲ್ಲಿ ಮಡಚಿ ಇಟ್ಟದ್ದು, ಅಲ್ಲಿದ್ದ ಪ್ರಯಾಣಿಕರ ಸಣ್ಣ ಹುಡುಗಿಗೆ ಅಂತ. ಸೊಂಡಿಲು ಸ್ವಲ್ಪ ಜೋತುಬಿದ್ದಿತ್ತು, ಅಷ್ಟೇ. ಕಣ್ಣಿಗೆ ಅಂಟಿಸಿದ ಎರಡು ಕಾಗದದ ಚುಕ್ಕಿ ಹಾಗೇ ಇತ್ತು. ಬಿಚ್ಚಿ ಲಾಂಡ್ರಿಗೆ ಹಾಕಬೇಕಿತ್ತು, ಕೈ ಬರಲಿಲ್ಲ. ಸೊಂಡಿಲು ಸರಿ ಮಾಡಿ ಬಾಗಿಲು ಹಾಕಿಕೊಂಡು ಬಂದೆ.

ಭಾರತಕ್ಕೆ ವಿಮಾನಗಳು ಮಾರ್ಚ್ ಕೊನೆಗೇ ನಿಂತಿದ್ದವು. ನನ್ನ ಕಾಂಟ್ರ್ಯಾಕ್ಟ್ ಏಪ್ರಿಲ್‌ನಲ್ಲಿ ಮುಗಿದಿತ್ತು. ಟಿಪ್ಸ್ ಇಲ್ಲ, ಸಂಬಳದ ಬಗ್ಗೆ ಕಂಪನಿಯವರು ಇವತ್ತು ನಾಳೆ ಅನ್ನುತ್ತಿದ್ದರು. ಒಂದು ಒಳ್ಳೆಯದು ಅಂದರೆ, ನೀರಿನ ಮಟ್ಟದ ಕೆಳಗಿನ ನಮ್ಮ ಕೋಣೆಗಳಿಂದ ತಲಾ ಒಂದು ಬಾಲ್ಕನಿ ಕ್ಯಾಬಿನ್‌ಗೆ ಕಳಿಸಿದರು. ಬೇಸಿಗೆಯಲ್ಲಿ ಆ ಕಡೆಯ ದೋಣಿಯವರು ಜನರಿಗೆ ಈ ಖಾಲಿ ಹಡಗುಗಳನ್ನು ತೋರಿಸಲು ಟ್ರಿಪ್ ಶುರು ಮಾಡಿದ್ದರು, ‘ಘೋಸ್ಟ್ ಶಿಪ್’ ಅಂತ ಹೆಸರಿಟ್ಟು. ದೆವ್ವದ ಹಡಗು! ನಮ್ಮಲ್ಲಿ ಅಡುಗೆ ಆಗ್ತಿತ್ತು, ಬಟ್ಟೆ ಒಣಗ್ತಿತ್ತು, ಗೋವಾದ ಅಣ್ಣ ಒಬ್ಬರು ಸಂಜೆ ಗಿಟಾರ್ ನುಡಿಸ್ತಿದ್ದರು.

ಆ ವರ್ಷ ಎಷ್ಟೋ ಹಡಗುಗಳು ಗುಜರಿಗೆ ಹೋದವು. ಮುಂಬೈಯಿಂದ ಹೋಗುತ್ತಿದ್ದ ಕರ್ಣಿಕಾ ಕೂಡ ಗುಜರಾತಿನ ಅಲಂಗ್‌ನಲ್ಲಿ ಒಡೆಯಲ್ಪಟ್ಟಿತು. ನಮ್ಮದು ಉಳಿಯಿತು. ಅದರಲ್ಲಿ ನಮ್ಮ ಕೈಗಳ ಪಾಲೂ ಉಂಟು ಅಂತ ನಾನು ನಂಬ್ತೇನೆ.

ಜೂನ್ ಕೊನೆಗೆ ಮುಂಬೈಗೆ ಚಾರ್ಟರ್ ವಿಮಾನ ಸಿಕ್ಕಿತು. ಏಳು ದಿನ ಹೋಟೆಲ್ ಕ್ವಾರಂಟೈನ್, ಮತ್ತೆ ಊರಿಗೆ ಬಂದು ಏಳು ದಿನ ಮನೆಯ ಹಿಂದಿನ ಕೋಣೆಯಲ್ಲಿ. ಮೊದಲ ಬೆಳಿಗ್ಗೆ ಎದ್ದವನೇ ಬಚ್ಚಲಿಗೆ ಹೋಗಿ ನಳ್ಳಿ ತಿರುಗಿಸಿದೆ, ಪಕ್ಕದಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಹೊರಗಿನಿಂದ ಅಮ್ಮನ ಸ್ವರ ಬಂತು: “ಟ್ಯಾಂಕ್ ಖಾಲಿ ಆಗ್ತದೆ ಮಾರಾಯ, ಆ ನಳ್ಳಿ ಬಂದ್ ಮಾಡು. ಗಂಜಿ ಬಾಗಿಲ ಹತ್ತಿರ ಇಟ್ಟಿದ್ದೇನೆ.”