ಮಕ್ಕಳ ಕುವೆಂಪುವನ್ನು ನಾವು ಯಾಕೆ ಹಿಂದೆ ಕೂರಿಸಿದೆವು?

ಎಲ್ಲರಿಗೂ ನಮಸ್ಕಾರ.

ನಮ್ಮ ಮೈಸೂರಿನಲ್ಲಿ ಕುವೆಂಪು ಬಗ್ಗೆ ಯಾರೇ ಮಾತಾಡಲಿ, ಜ್ಞಾನಪೀಠ, ರಾಷ್ಟ್ರಕವಿ, ಮಾನಸಗಂಗೋತ್ರಿ ಅಂತ ಶುರುವಾಗುತ್ತದೆ. ಎಲ್ಲವೂ ನಿಜ. ಕೊನೆಗೆ, ಟೈಮ್ ಉಳಿದಿದ್ದರೆ, ಮಕ್ಕಳಿಗೂ ಒಂದಷ್ಟು ಬರೆದಿದ್ದಾರೆ ಅಂತ ಒಂದು ಸಾಲು ಬರುತ್ತದೆ. ನನ್ನ ತಕರಾರು ಆ ಒಂದು ಸಾಲಿನ ಬಗ್ಗೆ.

ಅವರ ಪುಸ್ತಕಗಳ ಪಟ್ಟಿ ತೆಗೆದು ವರ್ಷಗಳನ್ನು ಸುಮ್ನೆ ಒಮ್ಮೆ ನೋಡಿ. ಮೊದಲು ಅವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂತ ಹೇಳಿದ ಕಥೆ ನಿಮಗೆ ಗೊತ್ತಿರಬಹುದು. ಅದೇ 1924ರ ಇಸವಿಯಲ್ಲೇ ಪಟ್ಟಿಯಲ್ಲಿ ಒಂದು ಮಕ್ಕಳ ಕೃತಿ ಇದೆ, 'ಅಮಲನ ಕಥೆ'. 1926ಕ್ಕೆ 'ಮೋಡಣ್ಣನ ತಮ್ಮ' ನಾಟಕ. 1930ಕ್ಕೆ 'ನನ್ನ ಗೋಪಾಲ'. 'ನರಿಗಳಿಗೇಕೆ ಕೋಡಿಲ್ಲ' ಬಂದದ್ದು 1977ರಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಅರ್ಧ ಶತಮಾನಕ್ಕಿಂತ ಜಾಸ್ತಿ ಆಯಿತಲ್ವಾ? ಇದನ್ನು ಬಿಡುವಿನ ವೇಳೆಯ ಕೆಲಸ ಅಂತ ಹೇಗೆ ಕರೆಯೋದು?

ಇನ್ನೊಂದು ವಿಷಯ. 'ಶ್ರೀ ರಾಮಾಯಣ ದರ್ಶನಂ' ಹೊರಬಂದದ್ದು 1949ರಲ್ಲಿ. ಅದಕ್ಕೆ ಸ್ವಲ್ಪ ಹಿಂದೆ, 1946 ಮತ್ತು 47ರಲ್ಲಿ, 'ನನ್ನ ಮನೆ', 'ಮೇಘಪುರ', 'ಮರಿವಿಜ್ಞಾನಿ' ಬಂದವು. ಮಹಾಕಾವ್ಯ ಬರೆಯುವ ಮನುಷ್ಯ ಅದೇ ಕಾಲದಲ್ಲಿ ಪುಟಾಣಿಗಳಿಗೂ ಪದ್ಯ ಕಟ್ಟುತ್ತಿದ್ದರು. ಅವರ ಮನೆಯಲ್ಲೂ ಆಗ ಮಕ್ಕಳಿದ್ದರು. ಮಗ ತೇಜಸ್ವಿ ಹುಟ್ಟಿದ್ದು 1938ರಲ್ಲಿ.

ಈಗ ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಪದ್ಯಕ್ಕೆ ಬರೋಣ. ಊರಿನ ಇಲಿ ಕಾಟ ಕಳೆಯೋಕೆ ಬಂದ ಜೋಗಿಯ ಕಥೆ ಅದು. ಕಥೆ ಮೂಲದಲ್ಲಿ ಜರ್ಮನಿಯದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಪದ್ಯ ಮಾಡಿದ್ದು, ಕಾಯಿಲೆ ಬಿದ್ದು ಮನೆಯಲ್ಲಿದ್ದ ಒಬ್ಬ ಹುಡುಗ ಚಿತ್ರ ಬರೆದುಕೊಂಡು ಹೊತ್ತು ಕಳೆಯಲಿ ಅಂತ. ಅದು ಅಚ್ಚಾದದ್ದು 1842ರಲ್ಲಿ. ಕುವೆಂಪು ಅದನ್ನು ಕೈಗೆತ್ತಿಕೊಂಡಾಗ ಹ್ಯಾಮೆಲಿನ್ ಪಟ್ಟಣ ತುಂಗಾ ತೀರದ ಬೊಮ್ಮನಹಳ್ಳಿ ಆಯಿತು. ಮೇಯರ್ ಹೋಗಿ ಗೌಡ ಬಂದ. ಕೊಳಲಿನವನ ಜಾಗಕ್ಕೆ ಕಿಂದರಿ ಅನ್ನೋ ವಾದ್ಯ ಹಿಡಿದ ಜೋಗಿ ಬಂದ. ಕಥೆ ಎಷ್ಟು ನಮ್ಮದಾಯಿತು ಅಂದರೆ, ಹೊರಗಿಂದ ಬಂದದ್ದು ಅಂತ ಹೇಳಿದರೆ ಇವತ್ತಿಗೂ ಎಷ್ಟೋ ಜನ ನಂಬೋದಿಲ್ಲ.

ಆ ಇಲಿಗಳ ಸಾಲು ಬರುತ್ತದಲ್ಲ, ಅದನ್ನು ಗಟ್ಟಿಯಾಗಿ ಓದಿ ನೋಡಿ. ಸಣ್ಣ ಇಲಿ, ದೊಡ್ಡ ಇಲಿ, ಆಮೇಲೆ ಅಣ್ಣ, ತಮ್ಮ, ಮಾವ, ಭಾವ ಅಂತ ನೆಂಟರಿಷ್ಟರ ಸಮೇತ ಹೊರಡುತ್ತವೆ. ಓದೋರ ಬಾಯಿ ತಾನಾಗಿ ಓಟ ಕೀಳುತ್ತದೆ, ಕೇಳೋ ಮಗು ಕೂತಲ್ಲಿ ಕೂರೋದಿಲ್ಲ. ಇದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಛಂದಸ್ಸಿನ ಒಂದೇ ಒಂದು ಮಾತ್ರೆ ತಪ್ಪಿದರೂ ಮಗುವಿನ ಕಿವಿಗೆ ಗೊತ್ತಾಗಿಬಿಡುತ್ತದೆ.

ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಬೇರೆ. ಕುವೆಂಪು ಮಕ್ಕಳಿಗೆ ಅಂತ ಕಥೆಯನ್ನು ಮೆತ್ತಗೆ ಮಾಡಲಿಲ್ಲ. ಇಲಿ ಓಡಿಸಿದರೆ ಹಣ ಕೊಡುತ್ತೇನೆ ಅಂದಿದ್ದ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ. ಜೋಗಿ ಊರಿನ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿಬಿಡುತ್ತಾನೆ. ಹಿಂದೆ ಉಳಿಯೋನು ಒಬ್ಬ ಕುಂಟ ಹುಡುಗ. ನನ್ನ ತಂಗಿ ಮಗನಿಗೆ ಇದನ್ನು ಓದಿದಾಗ ಅವನು ಇಲಿಗಳಿಗೆ ಬಿದ್ದು ಬಿದ್ದು ನಕ್ಕ. ಕೊನೆಗೆ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ಮಾಮ, ಆ ಹುಡುಗ ಇನ್ಮೇಲೆ ಯಾರ ಜೊತೆ ಆಟ ಆಡ್ತಾನೆ?" ಅಂತ ಕೇಳಿದ. ಎರಡನೇ ಕ್ಲಾಸಿನ ಹುಡುಗ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ತಲೆಯಲ್ಲಿ ಆ ಪ್ರಶ್ನೆ ಹುಟ್ಟಿಸಿದ್ದೇ ಆ ಪದ್ಯದ ಕೆಲಸ.

ಈಗ ನಾವು ಏನು ಮಾಡುತ್ತಿದ್ದೇವೆ? ಮಕ್ಕಳ ಪುಸ್ತಕ ಅಂದರೆ ಕೊನೆಗೆ ಒಂದು ನೀತಿ ಇರಲೇಬೇಕು, ಅಳು ಬರಬಾರದು, ಭಯ ಆಗಬಾರದು. ಸ್ಕೂಲ್ ಡೇ ದಿನ ಇಲಿ ಬಾಲ ಕಟ್ಟಿ ಕುಣಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಪದ್ಯವನ್ನು ಪೂರ್ತಿ ಓದಿಸೋದು ಮಾತ್ರ ಕಡಿಮೆ. ಇನ್ನು ದೊಡ್ಡ ಹೆಸರಿನ ಎಷ್ಟೋ ಲೇಖಕರು ಮಕ್ಕಳ ಕಡೆ ತಿರುಗಿಯೂ ನೋಡೋದಿಲ್ಲ. ಅದಕ್ಕೆ ಓದುಗರಾದ ನಮ್ಮ ಪಾಲೂ ಇದೆ. ಕಾದಂಬರಿಗೆ ಸಿಗೋ ವಿಮರ್ಶೆ, ಸಂದರ್ಶನ, ಸಂವಾದ ಮಕ್ಕಳ ಪುಸ್ತಕಕ್ಕೆ ಸಿಗುತ್ತದೆಯಾ? ಹೊಸ ಮಕ್ಕಳ ಪುಸ್ತಕ ಒಂದು ಬಂದರೆ ಅದನ್ನು ಕೊಂಡು, ಕೂತು ಓದಿ, ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ಜಗಳ ಆಡುವವರು ಎಷ್ಟು ಜನ ಇದ್ದಾರೆ? ಇದೆಲ್ಲ ಇಲ್ಲದೆ ಒಬ್ಬ ಯುವ ಕವಿ ಯಾವ ಧೈರ್ಯದ ಮೇಲೆ ಮಕ್ಕಳಿಗೆ ಬರೆಯಬೇಕು, ಹೇಳಿ.

ನಾನು ಕೇಳೋದು ಇಷ್ಟೇ. ಪ್ರತಿ ವರ್ಷ ದಸರಾ ಕವಿಗೋಷ್ಠಿ ಮಾಡುತ್ತೀವಲ್ಲ, ಅದರಲ್ಲಿ ಒಂದು ದಿನ ಹೆಸರಾಂತ ಕವಿಗಳೇ ಮಕ್ಕಳಿಗಾಗಿ ಹೊಸದಾಗಿ ಬರೆದು ತರಲಿ. ಮುಂದಿನ ಸಾಲುಗಳಲ್ಲಿ ಗಣ್ಯರು ಬೇಡ. ಮೈಸೂರು, ಮಂಡ್ಯದ ಸರ್ಕಾರಿ ಶಾಲೆಯ ಮಕ್ಕಳನ್ನು ಕೂರಿಸೋಣ. ಪದ್ಯ ಹಿಡಿಸದಿದ್ದರೆ ಅವರು ಚಪ್ಪಾಳೆ ತಟ್ಟೋದಿಲ್ಲ, ಎದ್ದು ಓಡಾಡೋಕೆ ಶುರು ಮಾಡುತ್ತಾರೆ. ಓಡಾಡಲಿ ಬಿಡಿ, ಯಾರೂ ಗದರಬೇಡಿ.