ಮೊದಲು ಗೇರ್ ಇಳಿಸಿ, ಆಮೇಲೆ ರಿಕಂಬೆಂಟ್‌ಗೆ ಬೈಯಿರಿ

ನಮಸ್ಕಾರ ಗೆಳೆಯರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಕಳೆದ ವಿಡಿಯೋಗೆ ರಿಕಂಬೆಂಟ್ ಬಗ್ಗೆ, ಅಂದ್ರೆ ಒರಗಿ ಕುಳಿತು ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ ಬಗ್ಗೆ, ಒಂದು ಕಾಮೆಂಟ್ ಬಂದಿದೆ. "ನಾನು 10 ವರ್ಷದಿಂದ ರೋಡ್ ಬೈಕ್ ಓಡಿಸೋನು. ಗೆಳೆಯನ ರಿಕಂಬೆಂಟ್ 10 ನಿಮಿಷ ಓಡಿಸಿ ನೋಡಿದೆ. ಹ್ಯಾಂಡಲ್ ನಡುಗುತ್ತೆ, ಏರು ಹತ್ತಲ್ಲ, ಮಂಡಿ ನೋವು. ಇದು ಸೈಕಲ್ಲೇ ಅಲ್ಲ." ಇದಕ್ಕೆ ಸಾಲು ಸಾಲು ಲೈಕ್ ಬೇರೆ.

10 ನಿಮಿಷ! ಬಲಗೈಯಲ್ಲಿ ಬರೆಯುವವರು ಎಡಗೈಗೆ ಪೆನ್ನು ಕೊಟ್ಟು, ಅಕ್ಷರ ಸೊಟ್ಟ ಬಂತು ಅಂತ ಪೆನ್ನಿಗೆ ಬೈದ ಹಾಗಾಯಿತು. ನಾನು ಈ ಮೂರೂ ದೂರಿಗೆ ಒಂದೇ ಉತ್ತರ ಕೊಡುತ್ತೇನೆ. ನೀವು ರೋಡ್ ಬೈಕಿನ, ಅಂದ್ರೆ ಮಾಮೂಲಿ ರೇಸ್ ಸೈಕಲ್ಲಿನ, ಗೇರ್‌ನಲ್ಲಿ ರಿಕಂಬೆಂಟ್ ತುಳಿಯುತ್ತಿದ್ದೀರಿ. ಗೇರ್ ಇಳಿಸಿ.

ಮೊದಲು ಹ್ಯಾಂಡಲ್ ನಡುಕ. ರೋಡ್ ಬೈಕ್‌ನಲ್ಲಿ ಭಾರದ ಗೇರ್ ಇದ್ದರೂ ಸೀಟಿನಿಂದ ಎದ್ದು, ಮೈಭಾರ ಹಾಕಿ ಹೊರಟುಬಿಡುತ್ತೀರಿ. ಇಲ್ಲಿ ಏಳೋದಕ್ಕೆ ಆಗಲ್ಲ. ಒಂದು ಕಾಲು ಆಗಲೇ ಮೇಲೆ ಪೆಡಲ್ ಮೇಲಿದೆ, ಇನ್ನೊಂದು ನೆಲದಲ್ಲಿ. ಭಾರದ ಗೇರ್‌ನಲ್ಲಿ ಮೊದಲ ತುಳಿತಕ್ಕೆ ಸೈಕಲ್ ವೇಗ ಹಿಡಿಯಲ್ಲ. ಗಾಬರಿಯಾಗುತ್ತೆ. ಬೆನ್ನು ಸೀಟಿನಿಂದ ಮೇಲೇಳುತ್ತೆ, ಭುಜ ಬಿಗಿಯುತ್ತೆ, ಕೈ ಹ್ಯಾಂಡಲ್ ಎಳೆಯುತ್ತೆ. ನಡುಗದೆ ಇನ್ನೇನಾಗಬೇಕು? ಹಗುರ ಗೇರ್‌ಗೆ ಹಾಕಿ. ಬೆನ್ನು ಪೂರ್ತಿ ಒರಗಿಸಿ. ಕಣ್ಣು ದೂರಕ್ಕೆ, ಮುಂದಿನ ಚಕ್ರದ ಮೇಲಲ್ಲ. ಹ್ಯಾಂಡಲ್ ಬರೀ ಬೆರಳಲ್ಲಿ ಹಿಡಿದರೆ ಸಾಕು. ಒಂದು ಸಲ ಜೋರಾಗಿ ತುಳಿದು, ತಕ್ಷಣ ಇನ್ನೊಂದು ಕಾಲು ಮೇಲಿಡಿ. ಅಷ್ಟೇ.

ಇನ್ನು ಮಂಡಿ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದ್ರೆ ಇಲ್ಲಿ ನಿಜವಾಗಿ ಪೆಟ್ಟಾಗುತ್ತೆ. ರೋಡ್ ಬೈಕ್‌ನಲ್ಲಿ ನಿಮ್ಮ ಮೈತೂಕವೇ ಒಂದು ಮಿತಿ. ಅದಕ್ಕಿಂತ ಜೋರಾಗಿ ತುಳಿದರೆ ನೀವೇ ಸೀಟಿನಿಂದ ಮೇಲೇಳುತ್ತೀರಿ. ರಿಕಂಬೆಂಟ್‌ನಲ್ಲಿ ಬೆನ್ನಿಗೆ ಸೀಟು ಆಸರೆ ಕೊಡುತ್ತೆ. ಗೋಡೆಗೆ ಒರಗಿ ಒದ್ದ ಹಾಗೆ, ಮೈತೂಕಕ್ಕಿಂತ ಜಾಸ್ತಿ ಬಲ ಹಾಕಬಹುದು. ಆ ಬಲವೆಲ್ಲ ಮಂಡಿ ಮೇಲೆ ಬೀಳುತ್ತೆ. ಅದಕ್ಕೇ ಹಗುರ ಗೇರ್ ಹಾಕಿ, ನಿಮಿಷಕ್ಕೆ 80–90 ಸುತ್ತು ಸಲೀಸಾಗಿ ತಿರುಗಿಸಿ. ಜೊತೆಗೆ ಬೂಮ್, ಅಂದ್ರೆ ಪೆಡಲ್ ಹೊತ್ತಿರುವ ಮುಂದಿನ ಕೊಳವೆ, ಅದರ ಅಳತೆ ನೋಡಿ. ಪೆಡಲ್ ತೀರಾ ಹತ್ತಿರ ಇದ್ದರೆ ಮಂಡಿಯ ಮುಂಭಾಗ ನೋಯುತ್ತೆ, ತೀರಾ ದೂರ ಇದ್ದರೆ ಹಿಂಭಾಗ. ಗೆಳೆಯನ ಸೈಕಲ್ ಅಂದ್ರೆ ಬೂಮ್ ಗೆಳೆಯನ ಕಾಲಿನ ಅಳತೆಗೆ ಇತ್ತು, ಅಲ್ವಾ? ಅದನ್ನು ಸರಿ ಮಾಡಿಕೊಂಡಿರಾ? ಕಾಮೆಂಟ್‌ನಲ್ಲಂತೂ ಬರೆದಿಲ್ಲ.

ಅಂದ ಹಾಗೆ, ಕಾಲ್ಬೆರಳು ಜೋಮು ಹಿಡಿಯುತ್ತೆ ಅನ್ನೋರು ಶೂ ಕೆಳಗೆ ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಸ್ವಲ್ಪ ಹಿಮ್ಮಡಿ ಕಡೆಗೆ ಸರಿಸಿ ನೋಡಿ. ವೀಲ್‌ಬೇಸ್, ಅಂದ್ರೆ ಎರಡು ಚಕ್ರಗಳ ನಡುವಿನ ಅಂತರ, ಚಿಕ್ಕದಿರುವ ಸೈಕಲ್ ಆದರೆ, ಕಡಿದಾದ ತಿರುವಿನಲ್ಲಿ ಪಾದ ಮುಂದಿನ ಚಕ್ರಕ್ಕೆ ತಾಗಬಹುದು, ಅಲ್ಲಿ ತುಳಿಯೋದು ನಿಲ್ಲಿಸಿ. ಕನ್ನಡಿ ಇಲ್ಲದೆ ರಸ್ತೆಗೆ ಇಳಿಯಲೇಬೇಡಿ, ಒರಗಿ ಕುಳಿತಾಗ ಹಿಂದೆ ತಿರುಗಿ ನೋಡೋದು ಕಷ್ಟ. ಕನ್ನಡಿ ಬಗ್ಗೆ ಪೂರ್ತಿ ಒಂದು ವಿಡಿಯೋ ಬರುತ್ತಿದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ಬೆಲ್ ಕೂಡ ಒತ್ತಿ.

ಈಗ ಎಲ್ಲರೂ ಎತ್ತುವ ಮಾತು, ಏರು. "ಏರಿನಲ್ಲಿ ನಿಧಾನ." ಹೌದು, ನಿಧಾನ! ತೂಕ ಸಾಮಾನ್ಯವಾಗಿ ಜಾಸ್ತಿ, ಎದ್ದು ನಿಂತು ತುಳಿಯೋಕೆ ಆಗಲ್ಲ. ಜೊತೆಗೆ ತೊಡೆಯ ಹಿಂಭಾಗ, ಪೃಷ್ಠ, ಇವೆಲ್ಲ ಬೇರೆ ಕೋನದಲ್ಲಿ ಕೆಲಸ ಮಾಡಬೇಕು. ಅವು ಪಳಗೋಕೆ ಕೆಲವು ವಾರ ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ಅಲ್ಲಿಯವರೆಗೂ ಏನು ಮಾಡಬೇಕು? ಗೇರ್ ಇಳಿಸಬೇಕು. ಏರಿನ ಮಧ್ಯೆ ಅಲ್ಲ, ಏರು ಶುರುವಾಗೋ ಮೊದಲೇ. ಎರಡು ಚಕ್ರದ ಮೇಲೆ ತೀರಾ ನಿಧಾನವಾದರೆ ಬ್ಯಾಲೆನ್ಸ್ ಹೋಗುತ್ತೆ ಅಂತೀರಾ? ಮೂರು ಚಕ್ರದ್ದು ತಗೊಳ್ಳಿ, ಏರಿನ ಮಧ್ಯೆ ನಿಂತು ನೀರು ಕುಡಿದು ಮತ್ತೆ ಹೊರಡಿ!

ಅದೂ ಅಲ್ಲದೆ, ಬರೀ ಏರೇ ಯಾಕೆ ಲೆಕ್ಕ? ಸಪಾಟು ರಸ್ತೆಯಲ್ಲಿ ವೇಗ ಏರಿದ ಹಾಗೆ ನಿಮ್ಮ ಶ್ರಮದ ದೊಡ್ಡ ಪಾಲು ಗಾಳಿ ಸೀಳೋದಕ್ಕೇ ಹೋಗುತ್ತೆ. ತಗ್ಗಾಗಿ ಒರಗಿ ಕುಳಿತವರಿಗೆ ಗಾಳಿಯ ಹೊಡೆತ ಕಡಿಮೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಅನ್ನುವ ಸವಾರ, ಶಾರ್ಲ್ ಮೊಶೆ ಕಟ್ಟಿದ ರಿಕಂಬೆಂಟ್ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿದರು. 1914ರಿಂದ ನಿಂತಿದ್ದ ಆಸ್ಕರ್ ಎಗ್ ಅವರ ಒಂದು ಗಂಟೆಯ ದಾಖಲೆ ಹೋಯಿತು. ಫೋರ್ ಆ ಕಾಲದ ಮೊದಲ ಸಾಲಿನ ತಾರೆ ಕೂಡ ಅಲ್ಲ. ಆಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಏನು ಮಾಡಿತು ಗೊತ್ತಾ? 1934ರಲ್ಲಿ ನಿಯಮ ಬದಲಿಸಿ ರಿಕಂಬೆಂಟನ್ನು ರೇಸಿನಿಂದ ಹೊರಗಿಟ್ಟಿತು. "ಇದು ಸೈಕಲ್ಲೇ ಅಲ್ಲ" ಅನ್ನೋ ಮಾತು ಆಗಿನಿಂದ ಬಂದಿದ್ದು ಸ್ವಾಮಿ. ನಿಧಾನ ಅಂತ ಹೊರಗೆ ಹಾಕಲಿಲ್ಲ! 2016ರಲ್ಲಿ ಅಮೆರಿಕದ ನೆವಾಡದಲ್ಲಿ ಟಾಡ್ ರೈಕರ್ಟ್, ಗಾಳಿ ಸೀಳುವ ಕವಚದೊಳಗೆ ಒರಗಿ ಕುಳಿತು, ಬರೀ ಕಾಲಿನ ಬಲದಲ್ಲಿ ಗಂಟೆಗೆ 144 ಕಿಲೋಮೀಟರ್ ವೇಗ ಮುಟ್ಟಿದರು. ಅದೂ ಸೈಕಲ್ ಅಲ್ವಾ?

"ಆದರೆ ನೋಡೋಕೆ ಚೆನ್ನಾಗಿಲ್ಲ" ಅಂತ ಇನ್ನೊಬ್ಬರು. ಚೆನ್ನಾಗಿದೆ. ಮುಂದೆ. "ಗುಂಪಲ್ಲಿ ಓಡಿಸೋಕೆ ಆಗಲ್ಲ." ಗುಂಪಿಗೆ ಹೇಳಿ, ಇಳಿಜಾರಿನಲ್ಲಿ ನಮಗೆ ದಾರಿ ಬಿಡಿ ಅಂತ. "ನನ್ನ ಕಾಲಿಗೆ ಅಭ್ಯಾಸವೇ ಆಗಲ್ಲ." ಆಗುತ್ತೆ! ಯಾಕೆ ಆಗಲ್ಲ? ಗೇರ್ ಇಳಿಸಿದಿರಾ? ಇಲ್ಲ ತಾನೆ? ಇಳಿಸಿ! ಇನ್ನೂ ಒಂದು ಇಳಿಸಿ!

ಅಭ್ಯಾಸದ ಬಗ್ಗೆ ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ, ಕುಳಿತು ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ. ಎಷ್ಟು ವಾರ ಓಡಿಸಿದಿರಿ, ಬೂಮ್ ಸರಿ ಮಾಡಿಕೊಂಡಿರಾ, ಯಾವ ಗೇರ್‌ನಲ್ಲಿ ಹೊರಟಿರಿ, ಮೂರನ್ನೂ ಬರೆಯಬೇಕು. ಗೇರ್ ಬರೆಯದ ಕಾಮೆಂಟ್‌ಗೆ ಉತ್ತರ ಇಲ್ಲ.